ಹೊಗೆ ಕಾಣದ ಮನೆ

ನಮ್ಮ ಪಿಲ್ಕೊ ದಿಬ್ಬದಲ್ಲಿ ಒಬ್ಬರ ಮನೆಯ ಸುದ್ದಿ ತಿಳಿಯಬೇಕಾದರೆ ಕದ ತಟ್ಟುವ ಪದ್ಧತಿ ಇಲ್ಲ. ಬೆಳಿಗ್ಗೆ ಎದ್ದು ಮಾಡಿನ ಮೇಲಿನ ಹೊಗೆ ನೋಡಿದರೆ ಸಾಕು. ದಪ್ಪಗೆ, ಹಳದಿಯಾಗಿ ಎದ್ದರೆ ಆ ಮನೆಯವನು ಹಸಿ ಸೌದೆ ತಂದು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದಾನೆ ಎಂದು ಅರ್ಥ. ತೆಳ್ಳಗೆ ನೀಲಿಯಾಗಿ ಎದ್ದರೆ ರೊಟ್ಟಿ ಒಲೆಗೆ ಹೋಗಿದೆ. ತಡವಾಗಿ ಎದ್ದರೆ ಹಿಂದಿನ ದಿನ ಸೇಬಿನ ಹೆಂಡ ಜಾಸ್ತಿಯಾಗಿದೆ. ಏಳಲೇ ಇಲ್ಲ ಅಂದರೆ ಮಾತ್ರ ಹೆಂಗಸರು ಪೆಟ್ಟಿಗೆ ತೆಗೆದು ಕರಿ ಶಾಲು ಹುಡುಕುತ್ತಾರೆ. ಚಿಲೋಯೆಯ ದ್ವೀಪಗಳಲ್ಲಿ ಮಳೆ ಯಾವಾಗಲೂ ಬರುತ್ತದೆ, ಹೊಗೆಯೂ ಯಾವಾಗಲೂ ಇರುತ್ತದೆ. ಎರಡರಲ್ಲಿ ಒಂದು ನಿಂತರೂ ನಮಗೆ ಕೈಕಾಲು ಆಡುವುದಿಲ್ಲ.

ಎವಾರಿಸ್ಟೊ ಬಾರ್ರಿಯಾ ಅಂಥ ಊರಲ್ಲೇ ಹುಟ್ಟಿ ಬೆಳೆದು, ಲಾಂಚಿಯಲ್ಲಿ ಹಗ್ಗ ಎಳೆದೂ ಎಳೆದೂ ಮುದುಕನಾದವನು. ಒಳ್ಳೆಯ ಮನುಷ್ಯ. ಕೈಗೆ ಸುತ್ತಿಗೆ ಸಿಗದಿದ್ದರೆ ಇನ್ನೂ ಒಳ್ಳೆಯವನು. ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುವ ಗೇಟು ಮಾಡಿದ್ದ. ಅದು ಪಾದ್ರಿಗಳ ಮೇಲೆ ಮುಚ್ಚಿಕೊಂಡಿತು. ರೇಡಿಯೊಗೆ ಕರೆಂಟು ಕೊಡುವ ಗಾಳಿಚಕ್ರ ಮಾಡಿದ್ದ. ಅದು ಒಂದು ಬಿರುಗಾಳಿಗೆ ಎದ್ದು ಹೋಗಿ ಎದುರು ಮನೆಯ ಎದುವಿನಾಳ ಹಂದಿಗೂಡಿನ ಮೇಲೆ ಕೂತಿತು. ಎದುವಿನಾ ಅದನ್ನು ಎಷ್ಟು ಕೇಳಿದರೂ ವಾಪಸು ಕೊಟ್ಟಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ಅದನ್ನು ತೋರಿಸಿ ಆಮೇಲೆ ಕುಡಿಯಲು ಏನಾದರೂ ಕೊಡುತ್ತಿದ್ದಳು.

ಅವನ ಮನೆಯ ಗೋಡೆಯಲ್ಲಿ ಒಂದು ಕಲ್ಲಿನ ಬೆಂಕಿಗೂಡು ಇತ್ತು. ಅವನಪ್ಪ ದಕ್ಷಿಣದ ಕುರಿ ಎಸ್ಟೇಟಿನಲ್ಲಿ ದುಡಿಯುವಾಗ ಧಣಿಯ ಮನೆಯಲ್ಲಿ ಅಂಥದ್ದನ್ನು ಕಂಡು, ಊರಿಗೆ ಬಂದವನೇ ಕಟ್ಟಿಸಿಬಿಟ್ಟಿದ್ದ. ಧಣಿಗೆ ಸೌದೆ ಒಟ್ಟಲು ಆಳುಗಳಿದ್ದರು ಎಂಬುದು ಅವನಿಗೆ ಹೊಳೆದಿರಲಿಲ್ಲ. ಆ ಗೂಡು ಬಂಡಿಗಟ್ಟಲೆ ಸೌದೆ ನುಂಗಿ ಶಾಖವನ್ನೆಲ್ಲ ಆಕಾಶಕ್ಕೆ ಕಳಿಸುತ್ತಿತ್ತು. ಎದುರಿಗೆ ಕೂತವರ ಮೊಣಕಾಲು ಬೇಯುತ್ತಿತ್ತು, ಬೆನ್ನು ಹೆಪ್ಪುಗಟ್ಟುತ್ತಿತ್ತು.

ಅದರಿಂದ ಎವಾರಿಸ್ಟೊಗೆ ಆಗುತ್ತಿದ್ದ ನಷ್ಟ ಒಂದೇ, ಆದರೆ ದೊಡ್ಡದು. ಅವನ ಮನೆಯಲ್ಲೇ ಇದ್ದ ಅತ್ತೆ, ಹೆಂಡತಿಯ ತಾಯಿ ಕ್ಲೊರಿಂಡಾ ಅಜ್ಜಿ, ಅವನ ಜೊತೆ ಇಸ್ಪೀಟು ಆಡುವವಳು. ಆಟ ತ್ರುಕೊ. ಕೈಯಲ್ಲಿ ಏನೂ ಇಲ್ಲದೆ ಎಲ್ಲ ಇದ್ದ ಹಾಗೆ ಮುಖ ಮಾಡಿ ಕೂಗಬೇಕು, ಅಷ್ಟೇ ಆಟ. ಆ ವಿದ್ಯೆಯಲ್ಲಿ ಅಜ್ಜಿಯನ್ನು ಮೀರಿಸುವವರು ದ್ವೀಪದಲ್ಲೇ ಇರಲಿಲ್ಲ. ಎವಾರಿಸ್ಟೊನ ಜೋಕಿಗೆ ನಗುವವಳು ಭೂಮಿಯ ಮೇಲೆ ಅವಳೊಬ್ಬಳೇ. ಆದರೆ ಪ್ರತಿವರ್ಷ ಸಾನ್ ಹುವಾನ್ ಹಬ್ಬದ ದಿನ, ಚಳಿ ಮೂಳೆಗೆ ಇಳಿಯುವ ಹೊತ್ತಿಗೆ, ಕಾಸ್ತ್ರೊ ಪಟ್ಟಣದಿಂದ ಷಡ್ಡಕ ವಾಲ್ದೆಮಾರ್ ಲಾಂಚಿ ತಂದು ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದ. "ಅತ್ತೆ, ನಮ್ಮನೇಲಿ ಬೆಚ್ಚಗಿರ್ತದೆ, ಬನ್ನಿ. ಇಲ್ಲಿದ್ರೆ ಭಾವ ನಿಮ್ಮನ್ನ ಮೀನಿನ ಹಾಗೆ ಹೊಗೆಗೆ ಹಾಕಿ ಒಣಗಿಸ್ತಾನೆ" ಅನ್ನುತ್ತಿದ್ದ. ಆಮೇಲೆ ವಸಂತದವರೆಗೆ ಎವಾರಿಸ್ಟೊ ಒಬ್ಬನೇ ಎಲೆ ಹಂಚಿಕೊಂಡು ಕೂರುವುದು. ಒಬ್ಬನೇ ಆಡಿದರೂ ಅವನು ಸೋಲುತ್ತಿದ್ದ.

ಆ ವರ್ಷ ಅವನು ಕಾಸ್ತ್ರೊದ ಅಂಗಡಿಯೊಂದರಲ್ಲಿ ಆ ಪೆಟ್ಟಿಗೆ ನೋಡಿದ. ಕಬ್ಬಿಣದ ಒಲೆಪೆಟ್ಟಿಗೆ; ಮುಂದೆ ಗಾಜಿನ ಬಾಗಿಲು. ಹಳೆಯ ಬೆಂಕಿಗೂಡಿನೊಳಗೆ ಇದನ್ನು ತಳ್ಳಿ ಕೂರಿಸಿ, ಹೊಗೆಗೂಡಿನ ತುದಿಯವರೆಗೆ ಒಂದು ಕೊಳವೆ ಇಳಿಬಿಟ್ಟರೆ ಮುಗಿಯಿತು.

"ಒಣ ಸೌದೆ ಹಾಕಿ, ಯಜಮಾನ್ರೆ" ಅಂದ ಅಂಗಡಿಯವನು. "ಶಾಖ ಎಲ್ಲ ಮನೆಯೊಳಗೆ. ಹೊಗೆ ಅಂತ ಕಣ್ಣಿಗೆ ಕಾಣೋದೇ ಇಲ್ಲ."

ಎವಾರಿಸ್ಟೊ ಒಂದು ಹಸು ಮಾರಿದ.

ಹೆಂಡತಿ ಒತಿಲಿಯಾ ಕೇಳಿ ಸೊಂಟಕ್ಕೆ ಕೈಯಿಟ್ಟಳು. "ಮುದುಕಾ, ಆ ಹಸು ಪಕ್ಕ ಮಲಗಿದ್ರೂ ಇದಕ್ಕಿಂತ ಬೆಚ್ಚಗಿರ್ತಿತ್ತು."

"ನೋಡ್ತಾ ಇರು. ಈ ಚಳಿಗಾಲ ಅತ್ತೆ ಎಲ್ಲಿಗೂ ಹೋಗಲ್ಲ. ಆದ್ರೆ ಒಂದು ಮಾತು. ಹಬ್ಬದ ದಿನದವರೆಗೆ ಯಾರಿಗೂ ಬಾಯಿ ಬಿಡಬಾರದು. ಎದುವಿನಾಗೆ ಗೊತ್ತಾದ್ರೆ ಮುಂದಿನ ಲಾಂಚಿಗೇ ವಾಲ್ದೆಮಾರನಿಗೆ ಸುದ್ದಿ ಮುಟ್ತದೆ. ಅವನು ನಗೋಕ್ಕೋಸ್ಕರ ಒಂದು ವಾರ ಮೊದ್ಲೇ ಬಂದು ಕೂತ್ಕೊಳ್ತಾನೆ."

"ಅಮ್ಮನ ಬಾಯಿ ಹ್ಯಾಗೆ ಮುಚ್ಚೋದು?"

ಅದು ಯೋಚಿಸಬೇಕಾದ ಮಾತೇ. ಅಜ್ಜಿ ಇಸ್ಪೀಟಿನಲ್ಲಿ ಎಷ್ಟು ಗುಟ್ಟಿನವಳೋ ಪ್ರಾರ್ಥನೆ ಮನೆಯ ಜಗಲಿಯಲ್ಲಿ ಅಷ್ಟೇ ಬಾಯಿಬಡುಕಿ. ಹಾಗಾಗಿ ಒಲೆ ಹೊತ್ತುವವರೆಗೆ ಅವಳು ಮನೆಯಿಂದ ಹೊರಗೆ ಕಾಲಿಡಬಾರದು ಎಂದು ತೀರ್ಮಾನವಾಯಿತು. ಅಜ್ಜಿ, "ದಿನಾ ಮಧ್ಯಾಹ್ನ ಆಟ ಇದ್ರೆ ಒಪ್ಪಿದೆ" ಅಂದಳು.

ಒಲೆಪೆಟ್ಟಿಗೆ ದಡಕ್ಕೆ ಬಂದ ದಿನ ಎವಾರಿಸ್ಟೊ ಅದನ್ನು ಹಲಗೆ ಕಟ್ಟಿದ ಹಾಗೇ, ಕೊಳವೆಯ ಸಮೇತ, ಎತ್ತು ಎಳೆಯುವ, ಚಕ್ರವಿಲ್ಲದ ಜಾರುಬಂಡಿಗೆ ಏರಿಸಿದ. ಗುಟ್ಟು ಗುಟ್ಟಾಗಿರಲಿ ಎಂದು ಮೇಲೆ ಒಂದು ಕರಿ ಕಂಬಳಿ ಹೊದಿಸಿದ. ಉದ್ದನೆಯ ಪೆಟ್ಟಿಗೆ, ಕರಿ ಕಂಬಳಿ, ಟೋಪಿ ಕೈಯಲ್ಲಿ ಹಿಡಿದು ನಿಧಾನವಾಗಿ ಹಿಂದೆ ನಡೆಯುವ ಎವಾರಿಸ್ಟೊ. ಟೋಪಿ ತೆಗೆದದ್ದು ಏರು ಹತ್ತಿ ಬೆವರು ಬಂದದ್ದಕ್ಕೆ. ಆದರೆ ಕಿಟಕಿಯಲ್ಲಿ ನಿಂತ ಎದುವಿನಾಗೆ ಬೆವರು ಕಾಣಲಿಲ್ಲ, ಟೋಪಿ ಕಾಣಿಸಿತು.

ಮಾರನೆಯ ದಿನ ಕೆಲಸ ಶುರುವಾಯಿತು. ಅಡುಗೆ ಒಲೆಯ ಕೊಳವೆಯೂ ಅದೇ ಹೊಗೆಗೂಡಿಗೆ ಸೇರಿತ್ತು. ಎರಡು ಬೆಂಕಿ ಒಂದೇ ದಾರಿಯಲ್ಲಿ ಹೋಗಬಾರದು ಎಂದು ಅಂಗಡಿಯವನು ಹೇಳಿದ್ದರಿಂದ ಎವಾರಿಸ್ಟೊ ಮೊದಲು ಅದನ್ನು ಕಿತ್ತಿಟ್ಟ. ಒತಿಲಿಯಾ ಗ್ಯಾಸಿನ ಸಣ್ಣ ಒಲೆಯಲ್ಲಿ ಆಲೂಗಡ್ಡೆ ಬೇಯಿಸುತ್ತ ಗಂಡನ ಏಳು ತಲೆಮಾರನ್ನು ನೆನೆದಳು. ಮಾಡಿನ ಮೇಲೆ ಹೊಗೆ ನಿಂತಿತು.

ಆಮೇಲೆ ಪೆಟ್ಟಿಗೆ ತಳ್ಳಿದರು. ಹೋಗಲಿಲ್ಲ.

ಲಾಂಚಿಯವನ ಅಭ್ಯಾಸದಂತೆ ಎವಾರಿಸ್ಟೊ ಹಗ್ಗಕ್ಕೆ ಗಂಟು ಹಾಕಿ ಗೂಡಿನ ಬಾಯಿ ಅಳೆದಿದ್ದ. ಬಾಯಿಯೇನೋ ಅಗಲವಾಗಿಯೇ ಇತ್ತು. ಒಳಗೆ ಹೋಗುತ್ತ ಹೋಗುತ್ತ ಅದು ದೋಣಿಯ ಮೂತಿಯ ಹಾಗೆ ಕಿರಿದಾಗಿತ್ತು. ಆಯುಷ್ಯವಿಡೀ ದೋಣಿಯಲ್ಲಿ ಇದ್ದವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅವನು ಉಳಿ, ಸುತ್ತಿಗೆ ತೆಗೆದುಕೊಂಡು ಅಪ್ಪನ ಕಲ್ಲು ಕೆತ್ತತೊಡಗಿದ. ಟಕ್, ಟಕ್, ಟಕ್ ಎಂದು ಇಡೀ ದಿನ ದಿಬ್ಬಕ್ಕೆಲ್ಲ ಕೇಳಿಸಿತು. ಕೊನೆಗೂ ಪೆಟ್ಟಿಗೆ ಒಂದು ಗೇಣು ಹೊರಗೇ ಉಳಿಯಿತು.

"ಇರ್ಲಿ ಬಿಡು ಅಳಿಯಾ" ಅಂದಳು ಅಜ್ಜಿ. "ಅದರ ಮೇಲೆ ನನ್ನ ಕೆಟ್ಲು ಇಡಬಹುದು."

ಮೂರನೆಯ ಕೆಲಸ ಕೊಳವೆಯದು. ಎವಾರಿಸ್ಟೊ ಮಾಡು ಹತ್ತಿ ಹೊಗೆಗೂಡಿನ ಬಾಯಿಂದ ಕೊಳವೆ ಇಳಿಬಿಟ್ಟ. ಕೆಳಗೆ ಒತಿಲಿಯಾ ಗೂಡಿನೊಳಗೆ, ಪೆಟ್ಟಿಗೆಯ ಮೇಲಿನ ಸಂದಿಯಲ್ಲಿ, ತಲೆ ತೂರಿಸಿ ಕೈಚಾಚಿ ನಿಂತಿದ್ದಳು. ಅರ್ಧ ದಾರಿಯಲ್ಲಿ ಕೊಳವೆ ಯಾವುದಕ್ಕೋ ಸಿಕ್ಕಿಕೊಂಡಿತು.

"ಎಳಿಯೇ!"

"ನೀನು ತಳ್ಳು!"

ಎವಾರಿಸ್ಟೊ ಕೊಳವೆಯ ಮೇಲೆ ಭಾರ ಬಿಟ್ಟು ತಳ್ಳಿದ. ಒಳಗೆ ಏನೋ ಕಿತ್ತುಬಂದ ಸದ್ದು. ಎಷ್ಟೋ ವರ್ಷದ ಮಸಿಯೂ, ಅಜ್ಜಿ ಶರತ್ಕಾಲದಲ್ಲಿ ಹೊಗೆಗೆಂದು ಕೊಕ್ಕೆಗೆ ತೂಗುಹಾಕಿ ಮರೆತಿದ್ದ ಹಂದಿ ಸಾಸೇಜಿನ ಸರವೂ, ಒಣಗಿಸಿದ ಚಿಪ್ಪಿಮಾಂಸದ ಎರಡು ಮಾಲೆಯೂ ಒಟ್ಟಿಗೆ ಒತಿಲಿಯಾಳ ಮೇಲೆ ಇಳಿದವು.

"ಅಯ್ಯೋ ನನ್ನ ಸಾಸೇಜು!" ಎಂದು ಅಜ್ಜಿ ಓಡಿ ಬಂದಳು. ಮಗಳ ಬಗ್ಗೆ ಆಮೇಲೆ ಕೇಳಿದಳು.

ಒತಿಲಿಯಾ ಉಸಿರು ಕಟ್ಟಿ ಅಂಗಳಕ್ಕೆ ಓಡಿದಳು. ಅಡಿಯಿಂದ ಮುಡಿವರೆಗೆ ಕಪ್ಪು. ಕಣ್ಣಲ್ಲಿ ಧಾರಾಕಾರ ನೀರು. ಅವಳು ಕೈಯೆತ್ತಿ ಆಕಾಶಕ್ಕೆ ಬೈಯುತ್ತಿದ್ದಳು. ಅಂದರೆ ಮಾಡಿನ ಮೇಲಿದ್ದ ಗಂಡನಿಗೆ. ಅವನೋ ಜಾರುವ ಹಲಗೆಮಾಡಿನಿಂದ ಇಳಿಯುವ ಮುಂಚೆ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡ. ಇಷ್ಟೂ ಎದುರು ಮನೆಯ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು.

ಭಾನುವಾರ ಅಜ್ಜಿ ಪ್ರಾರ್ಥನೆಗೆ ಬರಲಿಲ್ಲ. ಆ ದಿನವೇ ಎದುವಿನಾ ಒಂದು ತಟ್ಟೆ ಮಿಲ್ಕಾವ್ ಹಿಡಿದು ಬಂದಳು. ಮಿಲ್ಕಾವ್ ಅಂದರೆ ನಮ್ಮ ಆಲೂಗಡ್ಡೆ ರೊಟ್ಟಿ. ಸುದ್ದಿ ಬೇಕಾದವರು ಬರಿಗೈಲಿ ಬರುವುದಿಲ್ಲ. ಹೊಸ ಒಲೆಯ ಬಣ್ಣ ಸುಟ್ಟು ಗಟ್ಟಿಯಾಗಲಿ ಎಂದು ಎವಾರಿಸ್ಟೊ ಆಗಷ್ಟೆ ಒಂದು ಹಿಡಿ ಚಕ್ಕೆಯ ಸಣ್ಣ ಬೆಂಕಿ ಮಾಡಿದ್ದ. ವಾಸನೆ ತಡೆಯಲಾರದೆ ಆ ಚಳಿಯಲ್ಲೂ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಅವನು ಬಾಗಿಲಿಗೆ ಅಡ್ಡ ನಿಂತ.

"ದೋನ್ಯಾ ಕ್ಲೊರಿಂಡಾ ಎಲ್ಲಿ, ಕಾಣಲೇ ಇಲ್ಲ?"

"ಅತ್ತೆ... ಮಲಗಿದಾರೆ."

"ಯಾವಾಗಿಂದ?"

"ಒಂದೆರಡು ದಿನ ಆಯ್ತು."

ಎದುವಿನಾ ಮೂಗಿಗೆ ಶಾಲು ಹಿಡಿದಳು. "ಏನೋ ವಾಸನೆ, ಎವಾರಿಸ್ಟೊ."

"ಹೌದು. ಇನ್ನೆರಡು ದಿನಕ್ಕೆ ಹೋಗ್ತದಂತೆ. ಅಂಗಡಿಯವನು ಹೇಳಿದ."

ಎದುವಿನಾ ತಟ್ಟೆಯನ್ನು ಅವನ ಕೈಲಿಟ್ಟು, ಅವನ ಮುಖವನ್ನು ಒಮ್ಮೆ ದೀರ್ಘವಾಗಿ ನೋಡಿ, ಮಾತಾಡದೆ ಹೋದಳು. ಎದುವಿನಾ ಮಾತಾಡದೆ ಹೋದದ್ದು ಅದೇ ಮೊದಲು. ಗುಟ್ಟು ಎಷ್ಟು ಚೆನ್ನಾಗಿ ಕಾಪಾಡಿದೆ ಎಂದು ಎವಾರಿಸ್ಟೊ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಆ ಸಂಜೆ ಎದುವಿನಾಳ ಅಡುಗೆಮನೆಯಲ್ಲಿ ನಡೆದ ಸಭೆಯ ಸುದ್ದಿ ಅವನಿಗೆ ತಿಳಿದದ್ದು ಆಮೇಲೆ. ಅಲ್ಲಿ ಸೇರಿದವರಿಗೆ ಅಜ್ಜಿ ಸತ್ತಿದ್ದಾಳೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಶವಪೆಟ್ಟಿಗೆ ಬಂತು, ಮೊಳೆ ಹೊಡೆದರು, ಮಗಳು ಕರಿಬಟ್ಟೆ ಉಟ್ಟು ಅತ್ತಳು, ಆತ್ಮ ಹೋಗಲಿ ಎಂದು ಕಿಟಕಿ ತೆಗೆದರು, ಒಲೆಯಲ್ಲಿ ಬೆಂಕಿಯಿಲ್ಲ. ಚರ್ಚೆಯಾದದ್ದು ಒಂದೇ ವಿಷಯ. ಇವನು ಯಾಕೆ ಮುಚ್ಚಿಡುತ್ತಿದ್ದಾನೆ?

"ಯಾಕೆ ಅಂದ್ರೆ?" ಅಂದಳು ಎದುವಿನಾ. "ಸತ್ತರೆ ಒಂಬತ್ತು ದಿನ ಪ್ರಾರ್ಥನೆ ಇಡಬೇಕು. ಒಂಬತ್ತು ದಿನವೂ ಬಂದವರಿಗೆ ಊಟ ಹಾಕಬೇಕು. ಹಂದಿ ಉಳಿಸ್ತಾ ಇದಾನೆ, ಜಿಪುಣ!"

ಪ್ರಾರ್ಥನೆ ಹೇಳಿಸುವ ಹಿರಿಯ ದೋನ್ ಹೆರ್ಮಿನಿಯೊ ತಲೆ ಕೊಡವಿದ. ಪಾದ್ರಿಗಳು ವರ್ಷಕ್ಕೊಮ್ಮೆ ಬರುವ ನಮ್ಮಲ್ಲಿ ಉಳಿದ ದಿನಕ್ಕೆಲ್ಲ ದೇವರ ಕಡೆಯ ಅಧಿಕಾರಿ ಅವನೇ. "ಹಾಗಾದ್ರೆ ಊಟ ನಾವೇ ತಗೊಂಡು ಹೋಗೋಣ" ಅಂದ. "ಅವನ ಮುಖ ಅವನೇ ಎಲ್ಲಿ ಇಟ್ಕೊಳ್ತಾನೋ ನೋಡ್ತೀನಿ." ವಾಲ್ದೆಮಾರನಿಗೆ ತಿಳಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ದ್ವೀಪದವರ ಸಂದೇಶಗಳನ್ನು ರೇಡಿಯೊದವರು ಮಧ್ಯಾಹ್ನ ಓದುತ್ತಾರಲ್ಲ, ಅಲ್ಲಿಗೆ ಹೇಳಿ ಕಳಿಸಿದರು.

ಸಾನ್ ಹುವಾನ್ ಹಬ್ಬದ ದಿನ ಬಂತು. ಬಣ್ಣದ ವಾಸನೆ ಹೋಗಿತ್ತು. ಎವಾರಿಸ್ಟೊ ಒಂದು ವರ್ಷ ಒಣಗಿಸಿದ ಸೌದೆ ಪೇರಿಸಿ ಕಡ್ಡಿ ಗೀರಿದ. ಬೆಂಕಿ ಗಾಜಿನ ಹಿಂದೆ ಎದ್ದು ನಿಂತು, ನಮಸ್ಕಾರ ಹೇಳುವ ಹಾಗೆ ಒಮ್ಮೆ ಬಾಗಿ, ಸದ್ದಿಲ್ಲದೆ ಉರಿಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಹಲಗೆಗಳು ಟಿಕ್ ಟಿಕ್ ಅನ್ನತೊಡಗಿದವು. ಬೆಕ್ಕು ಒಲೆಯ ಎದುರು ಬಂದು, ಅನುಮಾನದಿಂದ ಸುತ್ತ ನೋಡಿ, ಹೊಟ್ಟೆ ಮೇಲೆ ಮಾಡಿ ಮಲಗಿತು. ಒತಿಲಿಯಾ ಒಂದು ಶಾಲು ತೆಗೆದಳು. ಆಮೇಲೆ ಇನ್ನೊಂದು ತೆಗೆದಳು. ಗಂಡನನ್ನು ನೋಡಿದಳು, ಏನೂ ಅನ್ನಲಿಲ್ಲ. ಮದುವೆಯಾದ ಮೇಲೆ ಅವನಿಗೆ ಸಿಕ್ಕಿದ ದೊಡ್ಡ ಹೊಗಳಿಕೆ ಅದೇ. ಅಜ್ಜಿ ಕುರ್ಚಿ ಎಳೆದು ಒಲೆಯ ಮುಂದೆ ಕೂತವಳು, ಕೈಯಲ್ಲಿ ಇಸ್ಪೀಟು ಹಿಡಿದ ಹಾಗೇ ನಿದ್ದೆ ಹೋದಳು.

ಎವಾರಿಸ್ಟೊ ಅಂಗಳಕ್ಕೆ ಹೋಗಿ ಮೇಲೆ ನೋಡಿದ. ಹೊಗೆ ಇಲ್ಲ. ಒಂದು ಎಳೆಯೂ ಇಲ್ಲ. ಅವನ ಎದೆ ಉಬ್ಬಿತು. ಆಗಲೇ ದಾರಿಯಲ್ಲಿ ಜನ ಕಂಡರು. ಇಡೀ ದಿಬ್ಬವೇ ಬರುತ್ತಿತ್ತು. ಮುಂದೆ ಹೆರ್ಮಿನಿಯೊ, ಹಿಂದೆ ಬುಟ್ಟಿ ಹೊತ್ತ ಹೆಂಗಸರು, ಹೆಂಡದ ಜಾಡಿ, ಹಗ್ಗ ಕಟ್ಟಿದ ಒಂದು ಕುರಿ.

'ಗೊತ್ತಾಗಿಬಿಟ್ಟಿದೆ' ಅಂದುಕೊಂಡ ಎವಾರಿಸ್ಟೊ. 'ನನ್ನ ಒಲೆ ನೋಡೋಕೆ ಬರ್ತಾ ಇದಾರೆ.' ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತ.

"ಎವಾರಿಸ್ಟೊ, ಊರಿಂದ ಮುಚ್ಚಿಡೋ ವಿಷಯವೇನಯ್ಯ ಇದು?" ಅಂದ ಹೆರ್ಮಿನಿಯೊ.

"ತಪ್ಪಾಯ್ತು, ದೋನ್ ಹೆರ್ಮಿನಿಯೊ. ಇವತ್ತು ಎಲ್ಲರಿಗೂ ತೋರಿಸೋಣ ಅಂತಲೇ ಇದ್ದೆ. ಬನ್ನಿ ಬನ್ನಿ, ಗಾಜಿನೊಳಗೆ ಚೆನ್ನಾಗಿ ಕಾಣ್ತದೆ."

ಜನ ಮುಖ ಮುಖ ನೋಡಿಕೊಂಡರು. ಗಾಜಿನ ಕಿಟಕಿಯಿರುವ ಶವಪೆಟ್ಟಿಗೆ ನಮ್ಮಲ್ಲಿ ದುಡ್ಡಿದ್ದವರಿಗೆ ಮಾತ್ರ. ಜಿಪುಣ ಅಂದದ್ದಕ್ಕೆ ಕೆಲವರಿಗೆ ನಾಚಿಕೆಯಾಯಿತು.

"ಅತ್ತೆಗೋಸ್ಕರ ಹಸು ಮಾರಿದೆ" ಅಂದ ಎವಾರಿಸ್ಟೊ, ಹೆಮ್ಮೆಯಿಂದ.

"ಮಾರಿದ್ಯಾ! ಕ್ಷಮಿಸಪ್ಪಾ" ಎಂದು ಎದುವಿನಾ ಬಿಕ್ಕಿದಳು. "ನಾನು ಏನೇನೋ ಅಂದುಬಿಟ್ಟೆ."

"ಅಳೋದು ಯಾಕೆ? ಒಳಗೆ ಬನ್ನಿ. ಮಕ್ಕಳು ಮುಟ್ಟದ ಹಾಗೆ ನೋಡ್ಕೊಳ್ಳಿ. ಸುಡ್ತದೆ."

ಇದು ಯಾರಿಗೂ ಅರ್ಥವಾಗಲಿಲ್ಲ. ಆದರೆ ಅಷ್ಟು ದುಃಖದಲ್ಲಿರುವವನ ಮಾತು ಯಾರು ತೂಗಿ ನೋಡುತ್ತಾರೆ? ಒಳಗೆ ಹೋದರು. ಅರೆಗತ್ತಲೆಯ ಕೋಣೆ, ಕುರ್ಚಿಯಲ್ಲಿ ಅಜ್ಜಿ, ಕಣ್ಣು ಮುಚ್ಚಿದೆ, ಮುಖದ ಮೇಲೆ ಕೆಂಪು ಬೆಳಕು ಆಡುತ್ತಿದೆ, ತುಟಿಯಲ್ಲಿ ನಗು. "ಕೂರಿಸಿದಾನೆ!" ಎಂದು ಯಾರೋ ಪಿಸುಗುಟ್ಟಿದರು. "ಕೈಯಲ್ಲಿ ಇಸ್ಪೀಟು ಕೊಟ್ಟು ಕೂರಿಸಿದಾನೆ!" ಹೆಂಗಸರು ಗೋಳೋ ಎಂದು ಮೊಣಕಾಲೂರಿದರು. ಹೆರ್ಮಿನಿಯೊ ಪುಸ್ತಕ ತೆಗೆದು, ಗಂಟಲು ಸರಿಮಾಡಿಕೊಂಡು, ಒಂಬತ್ತು ದಿನದ ಪ್ರಾರ್ಥನೆಯ ಮೊದಲ ಸಾಲು ಎತ್ತಿದ. ಎವಾರಿಸ್ಟೊ ಬಾಯಿ ತೆರೆದು ನಿಂತ. ಒಲೆಗೆ ಇಷ್ಟು ಮರ್ಯಾದೆ ಅವನು ನಿರೀಕ್ಷಿಸಿರಲಿಲ್ಲ.

ಅಜ್ಜಿ ಒಂದು ಕಣ್ಣು ತೆರೆದಳು.

"ಬಾಗಿಲು ಹಾಕ್ರೋ! ಶಾಖ ಎಲ್ಲ ಹೋಗ್ತದೆ."

ಆಮೇಲೆ ಆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಎದುವಿನಾಳ ಬುಟ್ಟಿ ಬಿತ್ತು. ಕುರಿ ಒಳಗೆ ಬಂತು. ಹೆರ್ಮಿನಿಯೊ ಪುಸ್ತಕದ ಹಿಂದೆ ಅಡಗಲು ನೋಡಿದ. ಅವನು ದಪ್ಪ, ಪುಸ್ತಕ ತೆಳ್ಳಗೆ.

"ಯಾರು ಸತ್ತಿದ್ದು?" ಅಂದಳು ಅಜ್ಜಿ.

ದೇವರ ಕಡೆಯ ಅಧಿಕಾರಿ ಹೆರ್ಮಿನಿಯೊನೇ ಹೇಳಬೇಕಾಯಿತು. "ನೀವೇ, ದೋನ್ಯಾ ಕ್ಲೊರಿಂಡಾ."

"ನಾನಾ? ಯಾವಾಗ?"

"ಭಾನುವಾರದ ಹೊತ್ತಿಗೆ ಅಂತ... ಅಂದಾಜು."

"ನೋಡೇ ಒತಿಲಿಯಾ" ಎಂದು ಅಜ್ಜಿ ಮಗಳ ಕಡೆ ತಿರುಗಿದಳು. "ಈ ಮನೇಲಿ ನನಗೆ ಯಾರೂ ಏನೂ ಹೇಳೋದೇ ಇಲ್ಲ."

ಒತಿಲಿಯಾ ಮೊದಲು ನಕ್ಕಳು. ನಗು ಹಿಡಿಯಲಾರದೆ ಸೌದೆಯ ರಾಶಿಯ ಮೇಲೆ ಕುಸಿದಳು. ಆಮೇಲೆ ಇಡೀ ಕೋಣೆ ನಕ್ಕಿತು. ಹೊಗೆ, ಪೆಟ್ಟಿಗೆ, ಮಸಿ, ವಾಸನೆ ಒಂದೊಂದೇ ಬಿಡಿಸಿಕೊಂಡು ಜನ ಬಿದ್ದು ಬಿದ್ದು ನಕ್ಕರು. ನಗುತ್ತಾ ನಗುತ್ತಾ ಒಬ್ಬೊಬ್ಬರೇ ಕಂಬಳಿ ಬಿಚ್ಚಿದರು, ಕೋಟು ಬಿಚ್ಚಿದರು. ಆ ಮನೆಯಲ್ಲಿ ಚಳಿಗಾಲದಲ್ಲಿ ಯಾರೂ ಕೋಟು ಬಿಚ್ಚಿದ್ದೇ ಇಲ್ಲ ಎಂಬುದು ಆಮೇಲೆ ನೆನಪಾಯಿತು. ಎದುವಿನಾ ಒಲೆಗೆ ಅಂಗೈ ಚಾಚಿ, ಬೆನ್ನು ತಿರುಗಿಸಿ, ಮತ್ತೆ ಅಂಗೈ ಚಾಚಿ, "ಎರಡೂ ಕಡೆ ಬೆಚ್ಚಗಾಗ್ತದಲ್ಲೋ!" ಅಂದಳು. "ನಾಳೆ ಬಾ, ನಿನ್ನ ಗಾಳಿಚಕ್ರ ತಗೊಂಡು ಹೋಗು."

ಆ ಹೊತ್ತಿಗೆ ಬಾಗಿಲಲ್ಲಿ ವಾಲ್ದೆಮಾರ್ ಕಾಣಿಸಿದ. ರೇಡಿಯೊ ಕೇಳಿ ಓಡಿಬಂದಿದ್ದ. ತೋಳಿಗೆ ಕರಿಪಟ್ಟಿ, ಕೈಯಲ್ಲಿ ದೊಡ್ಡ ಹೂವಿನ ಚಕ್ರ. ಅತ್ತೆ ಸಾಸೇಜು ಕಚ್ಚುತ್ತ ಎಲೆ ಹಂಚುತ್ತಿದ್ದುದನ್ನು ನೋಡಿ ಅವನು ಚೌಕಟ್ಟು ಹಿಡಿದುಕೊಂಡ.

"ಬಾ ಅಳಿಯಾ. ನನಗೇ ತಂದಿದ್ದಾ? ಚೆನ್ನಾಗಿದೆ. ಅಲ್ಲಿ ಮೊಳೆಗೆ ಹಾಕು. ಒಲೆ ಹತ್ರ ಬೇಡ, ಬಾಡ್ತದೆ."

ವಾಲ್ದೆಮಾರ್ ಚೇತರಿಸಿಕೊಳ್ಳಲು ಎರಡು ಲೋಟ ಹೆಂಡ ಬೇಕಾಯಿತು. ಆಮೇಲೆ ಹಳೆಯ ದನಿ ಬಂತು. "ಸರಿ ಅತ್ತೆ, ಹೇಗೂ ಬಂದಿದೀನಿ. ಗಂಟು ಕಟ್ಟಿ. ಕಾಸ್ತ್ರೊಗೆ ಹೋಗೋಣ."

ಎವಾರಿಸ್ಟೊ ಕೈಯ ಎಲೆಗಳನ್ನು ಮೇಜಿನ ಮೇಲಿಟ್ಟು, ಒಲೆಗೆ ಇನ್ನೊಂದು ಕೊರಡು ಹಾಕಿದ.

ಅಜ್ಜಿ ತನ್ನ ಎಲೆಗಳನ್ನು ನಿಧಾನವಾಗಿ ಜೋಡಿಸಿಕೊಂಡಳು. "ದೋನ್ ಹೆರ್ಮಿನಿಯೊ, ಪ್ರಾರ್ಥನೆ ಶುರು ಮಾಡಿದ್ರಲ್ಲ?"

"ಒಂದು ಸಾಲು..."

"ಶುರುವಾದ ಒಂಬತ್ತು ದಿನದ ಪ್ರಾರ್ಥನೆ ಮಧ್ಯ ನಿಲ್ಲಿಸಬಹುದಾ?"

ಹೆರ್ಮಿನಿಯೊ ಬೆಚ್ಚಗಿನ ಕೋಣೆ ನೋಡಿದ, ಕುರಿ ನೋಡಿದ, ಜಾಡಿ ನೋಡಿದ. "ನಿಲ್ಲಿಸಬಾರದು" ಅಂದ, ಗಂಭೀರವಾಗಿ. "ಅದು ಮಹಾ ದೋಷ. ತಂದ ಊಟವನ್ನೂ ವಾಪಸು ಒಯ್ಯಬಾರದು."

"ಕೇಳಿದ್ಯಾ ಅಳಿಯಾ? ನನ್ನ ಪ್ರಾರ್ಥನೆ ಇಲ್ಲಿ ನಡೀತಾ ಇರುವಾಗ ನಾನೇ ಇಲ್ಲ ಅಂದ್ರೆ ಜನ ಏನಂತಾರೆ? ಮುಂಗಡ ಅಂತ ಇಟ್ಕೊಳ್ಳಿ. ಸತ್ತ ಮೇಲೆ ನನ್ನ ಬಗ್ಗೆ ಏನೇನು ಹೇಳ್ತೀರಿ ಅಂತ ಬದುಕಿರುವಾಗ್ಲೇ ಕೇಳಿಸ್ಕೊಳ್ತೀನಿ." ಎಲೆಯೊಂದನ್ನು ಮೇಜಿಗೆ ಬಡಿದಳು. "ತ್ರುಕೊ!"

ಹಾಗೆ ಒಂಬತ್ತು ದಿನ ನಡೆಯಿತು. ಊಟ ಉಳಿಸಲು ಸಾವು ಮುಚ್ಚಿಟ್ಟ ಎಂಬ ಅಪವಾದ ಹೊತ್ತವನು ಕೊನೆಗೆ ಸಾಯದೇ ಇದ್ದವಳ ಲೆಕ್ಕಕ್ಕೆ ಹಂದಿ ಕಡಿದು ಊರಿಗೆಲ್ಲ ಬಡಿಸಿದ. ದಿನಾ ಜನ ಬಂದು ಅಜ್ಜಿಯ ಗುಣಗಾನ ಮಾಡುತ್ತಿದ್ದರು; ಅಜ್ಜಿ ಆಟದ ಮಧ್ಯೆ ತಿದ್ದುತ್ತಿದ್ದಳು. "ಸೌಮ್ಯ ಸ್ವಭಾವದವಳು ಅಂದ್ಯಲ್ಲ, ಅದು ತೆಗಿ. ಇಸ್ಪೀಟಿನಲ್ಲಿ ಯಾರಿಗೂ ಸೋತವಳಲ್ಲ ಅಂತ ಹಾಕು." ವಾಲ್ದೆಮಾರ್ ಎರಡನೆಯ ದಿನ ಹೊರಟವನು ಗಾಳಿ ಜೋರಾಗಿದೆ ಎಂದು ಉಳಿದ, ಮೂರನೆಯ ದಿನ ಗಾಳಿ ಇರಲಿಲ್ಲ, ಆಗಲೂ ಉಳಿದ. ಹೋಗುವಾಗ ಒಲೆಯ ಅಳತೆ ತೆಗೆದುಕೊಂಡು ಹೋದ. ಎವಾರಿಸ್ಟೊ ಅವನಿಗೆ ಗಂಟು ಹಾಕಿದ ತನ್ನ ಹಗ್ಗವನ್ನೇ ಕೊಟ್ಟ. ಗೂಡಿನ ಒಳಗಿನ ಅಗಲವನ್ನೂ ಅಳೆಯಬೇಕು ಎಂಬ ಮಾತು ಮಾತ್ರ ಹೇಳಲಿಲ್ಲ.

ಕೊನೆಯ ದಿನ ಎಲ್ಲರೂ ಹೋದ ಮೇಲೆ ಎದುವಿನಾ ಹೊಸ್ತಿಲಲ್ಲಿ ನಿಂತಳು.

"ನಿನ್ನ ಒಲೆ ಬಗ್ಗೆ ನಂದೇನೂ ತಕರಾರಿಲ್ಲ, ಎವಾರಿಸ್ಟೊ. ಆದ್ರೆ ಬೆಳಿಗ್ಗೆ ಎದ್ದು ನಾನು ಏನು ನೋಡ್ಲಿ? ಎಷ್ಟು ವರ್ಷದಿಂದ ಈ ಮನೆ ಹೊಗೆ ನೋಡಿ ನನ್ನ ಕೆಟ್ಲು ಇಟ್ಟವಳು ನಾನು."

ಇದಕ್ಕೆ ಉಪಾಯ ಹೊಳೆದದ್ದು ಅಜ್ಜಿಗೆ. ಅಂದಿನಿಂದ ಎವಾರಿಸ್ಟೊ ದಿನಾ ಬೆಳಿಗ್ಗೆ ಒಣ ಸೌದೆಯ ಮೇಲೆ ಒಂದು ಹಿಡಿ ಹಸಿ ಸೊಪ್ಪು ಹಾಕುತ್ತಾನೆ. ಹಸು ಮಾರಿ ತಂದ ಹೊಗೆಯಿಲ್ಲದ ಒಲೆ ಒಮ್ಮೆ ಕೆಮ್ಮಿ, ಮಾಡಿನ ಮೇಲೆ ಬಿಳಿ ಹೊಗೆಯ ಒಂದು ಮುದ್ದೆ ಬಿಡುತ್ತದೆ. ಎದುರು ಮನೆಯಿಂದ ಎದುವಿನಾಳ ಹೊಗೆ ಉತ್ತರ ಕೊಡುತ್ತದೆ.

ಒಂದು ದಿನ ಅವನು ಮರೆತ. ಕೆಟ್ಲು ಕುದಿಯುವ ಮೊದಲೇ ಬಾಗಿಲು ತೆರೆದುಕೊಂಡಿತು. ಹೆರ್ಮಿನಿಯೊ ಪುಸ್ತಕ ಹಿಡಿದು ನಿಂತಿದ್ದ; ಅವನ ಹಿಂದೆ ಎದುವಿನಾ, ಅವಳ ಹಿಂದೆ ಮಿಲ್ಕಾವ್ ಬುಟ್ಟಿಗಳು.

ಅಜ್ಜಿ ಎಲೆಗಳಿಂದ ತಲೆಯೆತ್ತಲಿಲ್ಲ.

"ಇವತ್ತು ಯಾರು? ಯಾರಾದ್ರೂ ಇರ್ಲಿ, ಬಾಗಿಲು ಹಾಕ್ಕೊಂಡು ಬನ್ನಿ."